ಗೋಕರ್ಣದಲ್ಲಿ ಕೊಂಡ ₹180ರ ಕೌಂಟರ್: ಎರಡು ಹಂಗಾಮು ಮೈದಾನದಲ್ಲಿ ಬಳಸಿದ ಮೇಲೆ

ಇದು ಜಪ ಎಣಿಸುವವರಿಗೆಂದು ಮಾರುವ ವಸ್ತು. ಅಂಗೈಯಲ್ಲಿ ಹುದುಗುವ ಗುಂಡನೆಯ ಲೋಹದ ಡಬ್ಬಿ, ಮುಖದಲ್ಲಿ ನಾಲ್ಕು ಅಂಕಿಗಳ ಕಿಟಕಿ, ತಳದಲ್ಲಿ ಬೆರಳು ತೂರಿಸಲು ಒಂದು ಬಳೆ. ಹೆಬ್ಬೆರಳಿನಿಂದ ಮೇಲಿನ ಗುಂಡಿ ಒತ್ತಿದರೆ ಟಿಕ್ ಎಂದು ಸದ್ದಾಗಿ ಬಲತುದಿಯ ಚಕ್ರ ಒಂದು ಅಂಕಿ ಮುಂದೆ ಸರಿಯುತ್ತದೆ. ಅದು ಒಂಬತ್ತು ದಾಟುವಾಗ ಪಕ್ಕದ ಚಕ್ರವನ್ನು ತಳ್ಳುತ್ತದೆ. ಹೀಗೆ 9999ರವರೆಗೆ. ಪಕ್ಕದಲ್ಲಿರುವ ಕಿವಿಯಂಥ ತಿರುಪನ್ನು ತಿರುಗಿಸಿದರೆ ಎಲ್ಲವೂ ಸೊನ್ನೆಗೆ ಮರಳುತ್ತವೆ. ಬ್ಯಾಟರಿ ಇಲ್ಲ, ಪರದೆ ಇಲ್ಲ, ಕಂಪನಿಯ ಹೆಸರೂ ಇಲ್ಲ.

ಅಂಕೋಲೆಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ಹದಿನಾರು ವರ್ಷಗಳಿಂದ ದೈಹಿಕ ಶಿಕ್ಷಕಿ. ಧಾರವಾಡದಲ್ಲಿ ಓದುವಾಗ ಸಾಫ್ಟ್‌ಬಾಲ್ ಆಡುತ್ತಿದ್ದೆ. ಆ ರುಚಿ ಬಿಡಲಿಲ್ಲ. ಕಬಡ್ಡಿ, ಖೊ ಖೊ, ವಾಲಿಬಾಲ್, ಥ್ರೋಬಾಲ್‌ಗಳ ಜೊತೆಗೆ ಸಂಜೆ ಹುಡುಗರಿಗೆ ಬೇಸ್‌ಬಾಲ್, ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತೇನೆ. ಚಿನ್ನಿದಾಂಡು ಮತ್ತು ಲಗೋರಿ ಆಡಿ ಬೆಳೆದ ಮಕ್ಕಳಿಗೆ ಹೊಡೆಯುವುದು, ಗುರಿಯಿಟ್ಟು ಎಸೆಯುವುದು, ಎಸೆದು ಓಡುವುದು ಹೊಸದಲ್ಲ. ಒಂದು ವಾರದಲ್ಲಿ ಆಟ ಹಿಡಿದುಬಿಡುತ್ತಾರೆ. ಎಸೆಯಲು ಅವರಿಗೆ ಯಾರೂ ಕಲಿಸಬೇಕಾಗಿಲ್ಲ, ಎಸೆಯುವುದನ್ನು ನಿಲ್ಲಿಸಲು ಮಾತ್ರ ಒಬ್ಬರು ಬೇಕು. ಈ ಕೌಂಟರ್ ಕೊಂಡದ್ದು ಆ ಕೆಲಸಕ್ಕೆ.

ಕೊಳ್ಳುವ ಹಿಂದಿನ ವರ್ಷ ನಡೆದದ್ದನ್ನು ಹೇಳದೆ ಮುಂದೆ ಹೋಗಲಾರೆ. ಎಂಟನೇ ತರಗತಿಯ ಹುಡುಗನೊಬ್ಬನಿದ್ದ, ಹದಿಮೂರು ವರ್ಷ. ತಂಡದಲ್ಲಿ ನೇರವಾಗಿ, ವೇಗವಾಗಿ ಪಿಚ್ ಮಾಡುವವನು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ಅವನೊಬ್ಬನೇ. ಒಂದು ಶನಿವಾರ ಎರಡು ಪಂದ್ಯಗಳಿದ್ದವು. ಬೆಳಗಿನದರಲ್ಲೂ ಅವನೇ, ಮಧ್ಯಾಹ್ನದ್ದರಲ್ಲೂ ಅವನೇ. ನಡುವೆ ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿದು ಮರಳಿಸುವ ಕ್ಯಾಚರ್ ಹುಡುಗನ ಕಾಲು ಉಳುಕಿದ್ದರಿಂದ ಎರಡು ಇನಿಂಗ್ಸ್ (ಇಲ್ಲಿ ಇನಿಂಗ್ಸ್ ಎಂದರೆ ಮೂರು ಔಟ್ ಆಗುವವರೆಗಿನ ಒಂದು ಸರದಿ) ಕ್ಯಾಚರ್ ಆಗಿಯೂ ಕುಳಿತ. ಎರಡೂ ಪಂದ್ಯ ಗೆದ್ದೆವು. ಸೋಮವಾರ ಬಿಸಿಯೂಟದ ಸಾಲಿನಲ್ಲಿ ಅವನು ಎಡಗೈಯಲ್ಲಿ ಉಣ್ಣುತ್ತಿದ್ದುದನ್ನು ಕಂಡು ಅಡುಗೆಯವರು ಗದರಿದರು. ಅವನು ತಲೆ ತಗ್ಗಿಸಿಕೊಂಡು ಹಾಗೆಯೇ ಉಣ್ಣುತ್ತಿದ್ದ. ಹತ್ತಿರ ಹೋಗಿ ನೋಡಿದರೆ ಬಲಗೈ ಮೊಣಕೈ ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಒಳಬದಿಯ ಮೂಳೆಯ ಮೇಲೆ ನನ್ನ ಬೆರಳು ತಾಗಿದ್ದೇ ತಡ, ಕೈ ಹಿಂದಕ್ಕೆ ಎಳೆದುಕೊಂಡ.

ಅವನ ತಾಯಿ ಮತ್ತು ನಾನು ಅವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಮೂಳೆ ತಜ್ಞರು ಎರಡೂ ಮೊಣಕೈಗಳ ಎಕ್ಸ್‌ರೇ ತೆಗೆಸಿ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಈ ವಯಸ್ಸಿನಲ್ಲಿ ಮೊಣಕೈಯ ಒಳಬದಿಯ ಮೂಳೆಯ ತುದಿ ಇನ್ನೂ ಗಟ್ಟಿಯಾಗಿ ಕೂಡಿಕೊಂಡಿರುವುದಿಲ್ಲ, ನಡುವೆ ಬೆಳೆಯುವ ಮೃದ್ವಸ್ಥಿಯ ಪದರ ಇರುತ್ತದೆ. ತಲೆಯ ಮೇಲಿನಿಂದ ಜೋರಾಗಿ ಎಸೆದಾಗಲೆಲ್ಲ ಮುಂದೋಳಿನ ಸ್ನಾಯುಗಳು ಮತ್ತು ಅಸ್ಥಿರಜ್ಜು ಆ ತುದಿಯನ್ನು ಎಳೆಯುತ್ತವೆ. ದೊಡ್ಡವರಲ್ಲಿ ಆ ಎಳೆತಕ್ಕೆ ಹರಿಯುವುದು ಅಸ್ಥಿರಜ್ಜು, ಮಕ್ಕಳಲ್ಲಿ ಅದಕ್ಕಿಂತ ಮೊದಲು ಸೋಲುವುದು ಈ ಪದರ. ಮೂರು ತಿಂಗಳು ಚೆಂಡು ಮುಟ್ಟಬಾರದು ಎಂದರು. ಆಮೇಲೆ ಕೇಳಿದರು: “ಆ ದಿನ ಎಷ್ಟು ಎಸೆದಿದ್ದಾನೆ?”

ನನಗೆ ಗೊತ್ತಿರಲಿಲ್ಲ. ಹುಡುಗನಿಗೂ ಗೊತ್ತಿರಲಿಲ್ಲ. ತಾಯಿ ನನ್ನ ಮುಖ ನೋಡಿದರು.

ಮನೆಗೆ ಬಂದು ಸ್ಕೋರ್ ಪುಸ್ತಕ ತೆಗೆದು ಕುಳಿತೆ. ರನ್ ಬರೆದಿದ್ದೆ, ಔಟ್ ಬರೆದಿದ್ದೆ, ಎಸೆತ ಬರೆದಿರಲಿಲ್ಲ. ಅವನು ಎದುರಿಸಿದ ಬ್ಯಾಟರ್‌ಗಳನ್ನು ಎಣಿಸಿದೆ: ಎರಡು ಪಂದ್ಯ ಸೇರಿ 34. ಒಬ್ಬೊಬ್ಬರಿಗೆ ನಾಲ್ಕೇ ಎಸೆತ ಎಂದುಕೊಂಡರೂ 136. ಹಿಂದಿನ ಸಂಜೆ ಅಭ್ಯಾಸಕ್ಕೆಂದು ನಾನೇ ಎಸೆಯಿಸಿದ್ದು ಬೇರೆ, ಕ್ಯಾಚರ್ ಆಗಿ ಪ್ರತಿ ಸಲ ಚೆಂಡು ಮರಳಿಸಿದ್ದು ಬೇರೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1939ರಲ್ಲಿ ಶುರುವಾದ ಲಿಟಲ್ ಲೀಗ್ ಮಕ್ಕಳ ಬೇಸ್‌ಬಾಲ್‌ಗೆ ಹೆಸರಾದ ಸಂಸ್ಥೆ. ಪಿಚರ್‌ಗಳಿಗೆ ಇನಿಂಗ್ಸ್ ಲೆಕ್ಕದ ಮಿತಿ ಬಿಟ್ಟು ಎಸೆತಗಳನ್ನೇ ಎಣಿಸುವ ನಿಯಮವನ್ನು ಅದು 2007ರಲ್ಲಿ ತಂದಿತು. ಏಳು ಎಂಟು ವರ್ಷದವರಿಗೆ ದಿನಕ್ಕೆ 50, ಒಂಬತ್ತು ಹತ್ತಕ್ಕೆ 75, ಹನ್ನೊಂದು ಹನ್ನೆರಡಕ್ಕೆ 85, ಹದಿಮೂರರಿಂದ ಹದಿನಾರಕ್ಕೆ 95. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ವಿಶ್ರಾಂತಿಯ ಪಟ್ಟಿ. ಹದಿನಾಲ್ಕು ಮತ್ತು ಅದಕ್ಕಿಂತ ಕೆಳಗಿನ ಮಕ್ಕಳು 20ರೊಳಗೆ ಎಸೆದರೆ ಮರುದಿನವೂ ಎಸೆಯಬಹುದು. 21ರಿಂದ 35 ಆದರೆ ಒಂದು ದಿನ ಬಿಡುವು, 36ರಿಂದ 50ಕ್ಕೆ ಎರಡು ದಿನ, 51ರಿಂದ 65ಕ್ಕೆ ಮೂರು ದಿನ, 66 ಮುಟ್ಟಿದರೆ ನಾಲ್ಕು ದಿನ. 41 ಅಥವಾ ಹೆಚ್ಚು ಎಸೆತ ಹಾಕಿದ ಪಿಚರ್ ಆ ದಿನ ಕ್ಯಾಚರ್ ಆಗಿ ಕೂರುವಂತಿಲ್ಲ. ಇಷ್ಟೂ ಅಂಕಿಗಳನ್ನು ಒಂದು ರಟ್ಟಿನ ಮೇಲೆ ಬರೆದು ಕಿಟ್ ಚೀಲದ ಒಳಬದಿಗೆ ಅಂಟಿಸಿದ್ದೇನೆ. ಅಂದು ನಾನು ಮುರಿಯದ ಸಾಲು ಅದರಲ್ಲಿ ಒಂದೂ ಇಲ್ಲ.

ಅಮೆರಿಕದಲ್ಲಿ ಒಂಬತ್ತರಿಂದ ಹದಿನಾಲ್ಕು ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 100 ಇನಿಂಗ್ಸ್‌ಗಿಂತ ಹೆಚ್ಚು ಪಿಚ್ ಮಾಡಿದವರಿಗೆ ಗಂಭೀರ ಗಾಯವಾಗುವ ಸಾಧ್ಯತೆ ಮೂರೂವರೆ ಪಟ್ಟು ಹೆಚ್ಚು ಎಂದು ಅದು ಕಂಡಿತು. ನಮ್ಮ ಮಕ್ಕಳು ವರ್ಷಕ್ಕೆ ಅಷ್ಟು ಬೇಸ್‌ಬಾಲ್ ಆಡುವುದಿಲ್ಲ, ನಿಜ. ಆದರೆ ಭಾನುವಾರ ಗದ್ದೆಯಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಇರುತ್ತದೆ, ಏಪ್ರಿಲ್ ಬಂತೆಂದರೆ ಈಶಾಡ ಮಾವಿನ ಮರಕ್ಕೆ ಕಲ್ಲು ಬೀಳುತ್ತಲೇ ಇರುತ್ತದೆ. ತೋಳಿಗೆ ಎಲ್ಲವೂ ಒಂದೇ ಲೆಕ್ಕ.

ಕೌಂಟರ್ ಸಿಕ್ಕಿದ್ದು ಅಮ್ಮನನ್ನು ಮಹಾಬಲೇಶ್ವರನ ದರ್ಶನಕ್ಕೆ ಕರೆದೊಯ್ದಾಗ. ಗೋಕರ್ಣದ ರಥಬೀದಿಯ ಅಂಗಡಿಯೊಂದರಲ್ಲಿ ರುದ್ರಾಕ್ಷಿ ಸರಗಳ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಂಗಡಿಯ ಹಿರಿಯರು “ಯಾವ ಜಪಕ್ಕೆ ತಂಗೀ?” ಎಂದು ವಿಚಾರಿಸಿದರು. ಶಾಲೆಯ ಮಕ್ಕಳ ಎಸೆತ ಎಣಿಸಲು ಎಂದೆ. ಏಕೆ ಎಂದು ಕೇಳಿದರು, ಹೇಳಿದೆ. ಇನ್ನೂರು ಹೇಳಿದ್ದವರು “ಮಕ್ಕಳಿಗಾದರೆ ನೂರ ಎಂಬತ್ತು ಕೊಡಿ” ಎಂದರು. ಪಕ್ಕದಲ್ಲೇ ಇದ್ದ ಬೆರಳಿಗೆ ಹಾಕಿಕೊಳ್ಳುವ ಡಿಜಿಟಲ್ ಕೌಂಟರನ್ನೂ ₹60ಕ್ಕೆ ತೆಗೆದುಕೊಂಡೆ. ಹೋಲಿಸಿ ನೋಡೋಣ ಎಂಬ ಆಸೆ.

ಮೊದಲು ಡಿಜಿಟಲ್‌ನ ಕಥೆ ಮುಗಿಸುತ್ತೇನೆ. ಹಗುರ, ಸದ್ದಿಲ್ಲ, ಕೈ ಬಿಡುವಾಗಿರುತ್ತದೆ. ಆದರೆ ಮಧ್ಯಾಹ್ನ ನಾಲ್ಕರ ಬಿಸಿಲಿನಲ್ಲಿ ಅಂಕಿ ಕಾಣುವುದಿಲ್ಲ, ಕೈಯನ್ನು ನೆರಳು ಮಾಡಿ ಇಣುಕಬೇಕು. ಒತ್ತಿದ್ದು ಬೆರಳಿಗೆ ತಿಳಿಯುವುದಿಲ್ಲ. ಸೊನ್ನೆ ಮಾಡುವ ಗುಂಡಿ ಎಣಿಸುವ ಗುಂಡಿಯ ಪಕ್ಕದಲ್ಲೇ ಇರುವುದರಿಂದ ಎರಡು ಸಲ ಪಂದ್ಯದ ನಡುವೆ ಲೆಕ್ಕ ಅಳಿಸಿಹೋಯಿತು. ಜೂನ್ ಮೊದಲ ವಾರದ ಒಂದು ಮಳೆಗೆ ಪರದೆಯೊಳಗೆ ನೀರು ಇಳಿಯಿತು. ಮೈದಾನಕ್ಕೆ ಇದು ಬೇಡ.

ಅಂಪೈರ್‌ಗಳು ಹಿಡಿಯುವ ಇಂಡಿಕೇಟರ್ ಬಗ್ಗೆ ಕೆಲವರು ಕೇಳುತ್ತಾರೆ. ಅದು ಬಾಲ್ (ಗುರಿ ತಪ್ಪಿದ ಎಸೆತ), ಸ್ಟ್ರೈಕ್ (ಬ್ಯಾಟರ್ ವಿರುದ್ಧ ಲೆಕ್ಕಕ್ಕೆ ಬರುವ ಎಸೆತ), ಔಟ್ ನೆನಪಿಡಲು ಮಾಡಿದ್ದು, ಒಟ್ಟು ಎಸೆತದ ಲೆಕ್ಕಕ್ಕಲ್ಲ. ಮೊಬೈಲ್ ಆ್ಯಪ್‌ಗಳಿವೆ, ಬಳಸಿದ್ದೇನೆ. ಬೆವರಿದ ಬೆರಳಿಗೆ ಪರದೆ ಓಗೊಡುವುದಿಲ್ಲ, ಒತ್ತಲು ಕಣ್ಣು ಕೆಳಗಿಳಿಯಬೇಕು. ಕಣ್ಣು ಕೆಳಗಿಳಿದ ಆ ಒಂದು ಗಳಿಗೆಯಲ್ಲೇ ಪಿಚರ್‌ನ ಮೊಣಕೈ ಎಲ್ಲಿತ್ತು ಎಂಬುದು ತಪ್ಪಿಹೋಗುತ್ತದೆ. ಲೋಹದ ಕೌಂಟರಿನ ದೊಡ್ಡ ಗುಣ ಅದೇ, ನೋಡದೆ ಎಣಿಸಬಹುದು. ಟಿಕ್ ಎಂಬುದು ಕಿವಿಗೂ ಬರುತ್ತದೆ, ಹೆಬ್ಬೆರಳಿಗೂ ತಿಳಿಯುತ್ತದೆ. ಕಣ್ಣು ಮಗುವಿನ ತೋಳಿನ ಮೇಲೆಯೇ ಇರುತ್ತದೆ.

ಬಳಸುವ ಕ್ರಮ ನಾನು ಹೀಗೆ ಇಟ್ಟುಕೊಂಡಿದ್ದೇನೆ. ಲಿಟಲ್ ಲೀಗಿನ ಲೆಕ್ಕಕ್ಕೆ ಬರುವುದು ಪಂದ್ಯದ ಎಸೆತಗಳು ಮಾತ್ರ. ನಾನು ಅಭ್ಯಾಸದ್ದನ್ನೂ, ಮೈ ಬಿಸಿ ಮಾಡಿಕೊಳ್ಳುವಾಗ ಪೂರ್ತಿ ಬಲದಿಂದ ಹಾಕಿದ್ದನ್ನೂ ಸೇರಿಸುತ್ತೇನೆ. ವಾರದ ದಿನಗಳ ಅಭ್ಯಾಸದಲ್ಲಿ ಒಬ್ಬ ಪಿಚರ್‌ಗೆ 20 ದಾಟಿಸುವುದಿಲ್ಲ. ಆಗ ನಾಳೆಯೂ ಅವನು ಬರಬಹುದು. ಮೊದಲ ತಿಂಗಳು ಈ ಇಪ್ಪತ್ತು ಎಷ್ಟು ಬೇಗ ಮುಗಿಯುತ್ತದೆ ಎಂದು ನನಗೆ ದಿಗಿಲಾಗಿತ್ತು. ಏಳೆಂಟು ನಿಮಿಷ, ಅಷ್ಟೆ. ಹಿಂದೆ ಇದೇ ಹುಡುಗರನ್ನು ಅರ್ಧ ಗಂಟೆ ಎಸೆಯಿಸುತ್ತಿದ್ದೆ. ಇಪ್ಪತ್ತೇ ಎಂದು ಗೊತ್ತಾದ ಮೇಲೆ ಮಕ್ಕಳೂ ಪ್ರತಿ ಎಸೆತವನ್ನು ಜತನದಿಂದ ಹಾಕತೊಡಗಿದರು. ಅಂಕಿಯೊಂದೇ ಸಾಲದು ಎಂಬುದೂ ನಿಜ. 40ಕ್ಕೇ ಸುಸ್ತಾಗುವ ಮಗು ಇರುತ್ತದೆ. ಚೆಂಡು ಮೇಲೆ ಮೇಲೆ ಹೋಗತೊಡಗಿದರೆ, ಮೊಣಕೈ ಭುಜಕ್ಕಿಂತ ಕೆಳಗೆ ಜಾರಿದರೆ, ಎರಡು ಎಸೆತಗಳ ನಡುವೆ ಹುಡುಗ ತೋಳು ಜಾಡಿಸಿಕೊಂಡರೆ ಕೌಂಟರ್ ಏನೇ ಹೇಳಲಿ, ನಿಲ್ಲಿಸುತ್ತೇನೆ.

ಹುಡುಗಿಯರ ಸಾಫ್ಟ್‌ಬಾಲ್‌ನಲ್ಲಿ ಕೆಳಗೈಯಿಂದ ಎಸೆಯುವುದರಿಂದ ಏನೂ ಆಗುವುದಿಲ್ಲ ಎಂಬ ಮಾತು ಶಿಕ್ಷಕರಲ್ಲೇ ಇದೆ. ನಾನೇ ಹಾಗೆ ಎಸೆದವಳು. ಕಾಲೇಜಿನ ಕೊನೆಯ ವರ್ಷ ಭುಜದ ಮುಂಭಾಗದ ನೋವಿನಿಂದ ಜಡೆ ಹೆಣೆದುಕೊಳ್ಳಲು ಗೆಳತಿಯನ್ನು ಕರೆಯಬೇಕಾಗುತ್ತಿತ್ತು. ಹುಡುಗಿಯರ ಎಸೆತವನ್ನೂ ಎಣಿಸುತ್ತೇನೆ.

ಕೌಂಟರ್ ನನಗೆ ಮಾಡಿದ ದೊಡ್ಡ ಉಪಕಾರ ಒಂದು ಸೋಮವಾರದ್ದು. ಪಕ್ಕದ ತಾಲ್ಲೂಕಿನ ತಂಡದೊಂದಿಗೆ ಎರಡು ಪಂದ್ಯ ಗೊತ್ತಾಗಿದ್ದವು, ಒಂದು ಸೋಮವಾರ, ಇನ್ನೊಂದು ಶುಕ್ರವಾರ. ಸೋಮವಾರ ಒಂದು ರನ್ ಮುಂದಿದ್ದೆವು, ಕೊನೆಯ ಇನಿಂಗ್ಸ್, ಇನ್ನು ಎರಡು ಔಟ್ ಸಾಕು. ಒಬ್ಬ ಬ್ಯಾಟರ್ ಮುಗಿದಾಗ ಕಿಟಕಿಯಲ್ಲಿ 0063. ಮುಂದಿನ ಬ್ಯಾಟರ್‌ಗೂ ಅವನ ಮುಂದಿನವನಿಗೂ ಇದೇ ಪಿಚರ್ ಎಸೆದರೆ 65 ದಾಟುವುದು ಬಹುತೇಕ ಖಚಿತ, ದಾಟಿದರೆ ನಾಲ್ಕು ದಿನ ಬಿಡುವು, ಶುಕ್ರವಾರ ಅವನಿಲ್ಲ. ಬದಲಾಯಿಸಿದೆ. ಬದಲಿಗೆ ಬಂದ ಹುಡುಗ ಎರಡು ರನ್ ಬಿಟ್ಟ, ಸೋತೆವು. ತಂದೆಯೊಬ್ಬರು ಬೇಲಿಯ ಆಚೆಯಿಂದಲೇ ಕೂಗಿದರು: “ಅಕ್ಕೋರೇ, ಚೆನ್ನಾಗಿಯೇ ಎಸೆಯುತ್ತಿದ್ದನಲ್ಲ, ಏಕೆ ತೆಗೆದಿರಿ?” ಮೊದಲಾಗಿದ್ದರೆ ನನ್ನ ಬಳಿ ಇದ್ದದ್ದು ನನ್ನ ಅಂದಾಜು, ಅವರ ಬಳಿ ಅವರ ಅಂದಾಜು. ಈ ಸಲ ಕೌಂಟರನ್ನು ಅವರ ಕೈಗೆ ಕೊಟ್ಟು, ಚೀಲದೊಳಗಿನ ರಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಶುಕ್ರವಾರ ಬೇಗ ಬಂದು ಸ್ಕೋರ್ ಪುಸ್ತಕದ ಪಕ್ಕ ಕುಳಿತು ಪ್ರತಿ ಇನಿಂಗ್ಸ್ ಕೊನೆಗೆ ಅಂಕಿ ಬರೆದುಕೊಟ್ಟವರು ಅವರೇ.

ಕೌಂಟರಿಗೆ ಕಾಣದ್ದೂ ಇದೆ, ಅದನ್ನು ತಿಳಿದೇ ಬಳಸಬೇಕು. ಮಳೆಗಾಲ ಮುಗಿದ ಮೇಲೆ ರಂಪಣಿ ಬಲೆ ಬೀಳುವ ದಿನಗಳಲ್ಲಿ ದಂಡೆಯ ಮನೆಗಳ ಹುಡುಗರು ಬೆಳಗ್ಗೆಯೇ ದೊಡ್ಡವರೊಂದಿಗೆ ಹಗ್ಗ ಎಳೆದು ಬಂದಿರುತ್ತಾರೆ. ಅಂಥ ದಿನ ಸಂಜೆ ಹುಡುಗನ ತೋಳು ಸೊನ್ನೆಯಿಂದ ಶುರುವಾಗುವುದಿಲ್ಲ, ಕೌಂಟರ್ ಮಾತ್ರ ಸೊನ್ನೆಯಲ್ಲೇ ಇರುತ್ತದೆ. ಹಾಗಾಗಿ ಗುಂಡಿ ಒತ್ತುವ ಮುನ್ನ ಎರಡು ಪ್ರಶ್ನೆ ಕೇಳುವುದು ಕಡ್ಡಾಯ ಮಾಡಿಕೊಂಡಿದ್ದೇನೆ: ಬೆಳಗ್ಗೆ ಬಲೆ ಎಳೆದೆಯಾ? ನಿನ್ನೆ ಕ್ರಿಕೆಟ್‌ನಲ್ಲಿ ಎಷ್ಟು ಓವರ್ ಹಾಕಿದೆ? ಬಲೆ ಎಳೆದವನು, ಓವರ್ ಹಾಕಿದವನು ಆ ಸಂಜೆ ಪಿಚ್ ಮಾಡದೆ ಫಸ್ಟ್ ಬೇಸಿನಲ್ಲಿ ನಿಲ್ಲುತ್ತಾನೆ.

ಇಲ್ಲಿಯವರೆಗಿನದು ನಾನು ಯಾವ ಕೆಲಸಕ್ಕೆ ಕೊಂಡೆನೋ ಅದರ ಮಾತು. ಕೊಂಡಾಗ ಯೋಚಿಸದೇ ಇದ್ದ ಉಪಯೋಗವೊಂದು ಆಮೇಲೆ ಸಿಕ್ಕಿತು, ನನ್ನ ಕಲಿಸುವ ರೀತಿಯನ್ನೇ ಅದು ಬದಲಾಯಿಸಿತು. ನಮ್ಮ ಗಣಿತದ ಮಾಸ್ತರು ಒಂದು ಸಂಜೆ ಮೈದಾನದ ಅಂಚಿನಲ್ಲಿ ನಿಂತಿದ್ದವರು ಕೇಳಿದರು: “ಆ ಮೂಲೆಯಲ್ಲಿರುವ ಹುಡುಗಿಗೆ ಚೆಂಡು ಸಿಗುವುದು ಯಾವಾಗ?” ರೈಟ್ ಫೀಲ್ಡಿನಲ್ಲಿ ನಿಂತಿದ್ದ ಎಂಟನೇ ತರಗತಿಯ ಹುಡುಗಿ. ಮರುದಿನ ಕೌಂಟರನ್ನು ಮಾಸ್ತರಿಗೇ ಕೊಟ್ಟೆ, ಆ ಹುಡುಗಿ ಚೆಂಡು ಮುಟ್ಟಿದಾಗ ಮಾತ್ರ ಒತ್ತಿ ಎಂದೆ. ಐವತ್ತು ನಿಮಿಷ ಆಡಿಸಿದೆ. ಮಾಸ್ತರು ತಂದುಕೊಟ್ಟಾಗ ಕಿಟಕಿಯಲ್ಲಿ 0004 ಇತ್ತು. ಅದರಲ್ಲಿ ಮೂರು, ಅವಳು ಬ್ಯಾಟ್ ಹಿಡಿದಾಗಿನವು.

ಆ ಮಗು ಎರಡು ತಿಂಗಳಿಂದ ಒಂದು ದಿನವೂ ತಪ್ಪಿಸದೆ ಬರುತ್ತಿತ್ತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಹದಿನಾರು ಮಕ್ಕಳನ್ನು ನಾಲ್ಕು ನಾಲ್ಕರ ಗುಂಪು ಮಾಡಿದೆ. ಒಂದು ಗುಂಪಿಗೆ ಟೀ, ಅಂದರೆ ಚೆಂಡು ಇಟ್ಟು ಹೊಡೆಯುವ ಕಂಬ. ನಮ್ಮದು ಬಿದಿರಿನ ಗಣೆಯ ತುದಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಮಾಡಿದ್ದು. ಇನ್ನೊಂದು ಗುಂಪು ನೆಲದ ಚೆಂಡು ಎತ್ತುವುದು, ಮತ್ತೊಂದು ಎತ್ತರದ ಚೆಂಡು ಹಿಡಿಯುವುದು, ನಾಲ್ಕನೆಯದು ಬೇಸ್ ಓಡುವುದು. ಹತ್ತು ನಿಮಿಷಕ್ಕೊಮ್ಮೆ ಬದಲಾವಣೆ. ಟೆನಿಸ್ ಚೆಂಡುಗಳನ್ನೇ ಬಳಸಿದೆ. ಬೇಸ್‌ಬಾಲ್ ಚೆಂಡಿನ ತೂಕ ಸುಮಾರು 145 ಗ್ರಾಂ, ಟೆನಿಸ್ ಚೆಂಡಿನದು 60ಕ್ಕೂ ಕಡಿಮೆ, ಗ್ಲೌಸ್ ಇಲ್ಲದ ಕೈಗೂ ನಡೆಯುತ್ತದೆ. ವಾರದ ಕೊನೆಗೆ ಮಾಸ್ತರು ಅದೇ ಹುಡುಗಿಯನ್ನು ಎಣಿಸಿದರು: 0071. ಈಗ ಪ್ರತಿ ವಾರ ಒಂದು ಮಗುವನ್ನು ಹೇಳದೆ ಆರಿಸಿ ಎಣಿಸುತ್ತೇವೆ. ವಾಲಿಬಾಲ್‌ನಲ್ಲೂ ಮಾಡಿ ನೋಡಿದೆ, ಆರು ಜನರ ಆಟದಲ್ಲಿ ಇಬ್ಬರೇ ಚೆಂಡು ಮುಟ್ಟುವ ಸಂಜೆಗಳಿದ್ದವು. ಈಗ ಮೂರು ಮೂರು ಜನರ ಸಣ್ಣ ಅಂಕಣದಲ್ಲಿ ಶುರು ಮಾಡಿಸುತ್ತೇನೆ.

ದೋಷಗಳಿಗೆ ಬರೋಣ. ಕಡಲ ಗಾಳಿ ಈ ಹೊಳಪಿನ ಶತ್ರು. ನಾಲ್ಕನೇ ತಿಂಗಳಿಗೆ ಬಳೆಯ ಬುಡದಲ್ಲಿ ತುಕ್ಕು ಕಾಣಿಸಿತು, ಮಳೆಗಾಲದಲ್ಲಿ ಗುಂಡಿಯ ಸ್ಪ್ರಿಂಗ್ ಬಿಗಿಯಾಯಿತು. ಮೊದಲು ತೆಂಗಿನೆಣ್ಣೆ ಬಿಟ್ಟೆ, ಅದು ತಪ್ಪು. ಅಂಟಾಗಿ ಮರಳನ್ನೆಲ್ಲ ಹಿಡಿದುಕೊಂಡಿತು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಬಿಟ್ಟ ಮೇಲೆ ಸರಿಹೋಯಿತು. ಈಗ ತಿಂಗಳಿಗೊಮ್ಮೆ ಹಾಗೆ ಮಾಡುತ್ತೇನೆ. ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಹರಳಿನ ಪೊಟ್ಟಣ, ಅದರೊಂದಿಗೆ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ. ದಂಡೆಯ ಮೇಲೆ ಆಡಿಸುವ ದಿನ ಕೊರಳಿಗೆ ದಾರ ಕಟ್ಟಿಕೊಳ್ಳಿ. ಒಮ್ಮೆ ಮರಳಿಗೆ ಬಿದ್ದರೆ ಚಕ್ರಗಳ ನಡುವೆ ಕಣ ಸೇರಿ 9ರಿಂದ 0ಗೆ ಹೋಗುವಾಗ ಅರ್ಧದಲ್ಲೇ ನಿಲ್ಲುತ್ತದೆ. ಆಗ 59 ಆಯಿತೋ 60 ಆಯಿತೋ ತಿಳಿಯುವುದಿಲ್ಲ.

ಪಕ್ಕದ ತಿರುಪು ಎಡಗೈಯಲ್ಲಿ ಹಿಡಿದರೆ ಅಂಗೈಗೆ ಒತ್ತುತ್ತದೆ, ಎಡಗೈಯವರು ಕೊಳ್ಳುವ ಮುನ್ನ ಹಿಡಿದು ನೋಡಬೇಕು. ಒಂದು ಕೌಂಟರ್ ಒಂದನ್ನೇ ಎಣಿಸುತ್ತದೆ ಎಂಬುದು ನಿಜವಾದ ಕೊರತೆ. ಎರಡು ತಂಡದ ಪಿಚರ್‌ಗಳಿಗೆ ಎರಡು ಬೇಕು. ಪಿಚರ್ ಬದಲಾದಾಗ ಸೊನ್ನೆ ಮಾಡುವ ಮುನ್ನ ಪುಸ್ತಕದಲ್ಲಿ ಬರೆಯಲು ನಾನು ಎರಡು ಸಲ ಮರೆತಿದ್ದೇನೆ. ಈಗ ಬರೆಯುವುದಕ್ಕೆ ಒಬ್ಬಳು ಹುಡುಗಿ ಇದ್ದಾಳೆ, ಅವಳು ಬರೆದು ತೋರಿಸುವವರೆಗೆ ತಿರುಪು ಮುಟ್ಟುವುದಿಲ್ಲ.

ಆ ಹುಡುಗ ಈಗ ಹತ್ತನೇ ತರಗತಿ. ಕೈ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಪಿಚ್ ಮಾಡುತ್ತಾನೆ. ಅಭ್ಯಾಸದಲ್ಲಿ ಇಪ್ಪತ್ತಾದ ಕೂಡಲೇ ನನ್ನ ಕಡೆ ತಿರುಗಿ ನೋಡುತ್ತಾನೆ. ಚಿಕ್ಕ ಮಕ್ಕಳು ಎಸೆಯುವಾಗ ಕೌಂಟರ್ ಹಿಡಿಯುವ ಕೆಲಸ ಅವನದು.

ಕೊಳ್ಳುವವರಿಗೆ: ಪೂಜಾ ಸಾಮಗ್ರಿ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ, ಆದರೆ ಕೈಯಲ್ಲಿ ಹಿಡಿದು ನೋಡಿಯೇ ತೆಗೆದುಕೊಳ್ಳಿ. ಅಂಗಡಿಯಲ್ಲೇ 0095ರಿಂದ 0105ರವರೆಗೆ ಒತ್ತಿ. ಮೂರು ಚಕ್ರಗಳು ಒಟ್ಟಿಗೆ ತಿರುಗುವ ಆ ಒಂದು ಜಾಗದಲ್ಲಿ ತಡವರಿಸಿದರೆ ಬೇರೆಯದನ್ನು ಕೇಳಿ. ಲೋಹದ್ದೇ ಇರಲಿ, ಪ್ಲಾಸ್ಟಿಕ್ ಮೈಯದು ಬೇಡ. ಮುಂದಿನ ಸಲ ಗೋಕರ್ಣಕ್ಕೆ ಹೋದಾಗ ನಾನು ಇನ್ನೂ ಎರಡು ತರುವವಳಿದ್ದೇನೆ, ಒಂದು ಹುಡುಗಿಯರ ತಂಡಕ್ಕೆ, ಒಂದು ಗಣಿತದ ಮಾಸ್ತರಿಗೆ.